ಹಿಂದಿನ ಸೀಟಿಗೆ ಒಂದು ಚೀಲ ಜೋಳ

ನಮ್ಮ ಮನೆಯವರು ಫಟಫಟಿ ತಂದ ದಿನ ದಾಂಡೇಲಿಯ ನಮ್ಮ ಚಾಳಿನ ಹೆಂಗಸರೆಲ್ಲ ಹೊರಗೆ ಬಂದು ನಿಂತಿದ್ದರು. ಕಟ್ಟಿಗೆ ಗುತ್ತಿಗೆದಾರನೊಬ್ಬ ಓಡಿಸಿ ಓಡಿಸಿ ಸಾಕಾಗಿ ಬಿಟ್ಟ ಗಾಡಿ ಅದು. ಚಾಲೂ ಮಾಡಿದರೆ ಕಾಗದದ ಕಾರ್ಖಾನೆಯ ಭೋಂಗಾ ಕೂಡ ಕೇಳುತ್ತಿರಲಿಲ್ಲ. ಸದ್ದು ಹಾಳಾಗಲಿ, ನಾನು ನೋಡಿದ್ದು ಹಿಂದಿನ ಸೀಟನ್ನು. ಅಗಲವಾಗಿತ್ತು, ಹೊಸ ರೆಕ್ಸಿನ್ ಹಾಕಿಸಿದ್ದರು. ಕಾರಕೂನರ ಹೆಂಡತಿ ಒಂದೇ ಕಡೆ ಕಾಲು ಇಳಿಬಿಟ್ಟುಕೊಂಡು ಗಂಡನ ಹಿಂದೆ ಪೇಟೆಗೆ ಹೋಗುವುದನ್ನು ದಿನಾ ನೋಡುತ್ತಿದ್ದೆ. ನನಗೂ ಆಸೆ ಇರಬಾರದೇ?

ಅರವತ್ತೈದರ ಬೇಸಿಗೆ ಅದು. ಇವರ ಜೊತೆ ಕಾರ್ಖಾನೆಯ ಒಂದೇ ಖಾತೆಯಲ್ಲಿ ದುಡಿಯುತ್ತಿದ್ದ ಮಲಕಪ್ಪ ಸಂಜೆಯಾದರೆ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದ. ಚಹಾ ಕುಡಿಯುತ್ತ ಇಬ್ಬರದೂ ಒಂದೇ ಮಾತು.

‘ಮಹಾಂತಪ್ಪಾ, ಆಗಿ ಹುಣ್ಣಿಮಿ ಈ ಸಲ ಶನಿವಾರಕ್ಕ ಬಂದೈತಿ. ಪಾಳಿ ಮುಗಿಸಿ ಹೊಂಟ್ರ ಹೊತ್ತ ಮುಳುಗೂದ್ರಾಗ ಗುಡ್ಡದ ಬುಡಕ ಇರತೇವಿ. ಬೆಳದಿಂಗಳಾಗ ಕ್ವಾಟಿ ಹತ್ತೂಣು. ಮುಂಜಾನೆ ಮ್ಯಾಲ ಕುಂತು ಸೂರ್ಯ ಹುಟ್ಟೂದು ನೋಡೂಣು. ರವಿವಾರ ಸಂಜಿಗೆ ವಾಪಸ್.’

ಆ ಕೋಟೆ ಇರುವುದು ಮುಂಡಗೋಡದ ಕಡೆ, ಅತ್ತಿವೇರಿಯ ಆಚೆ, ನನ್ನ ತವರೂರಿನ ನೆತ್ತಿಯ ಮೇಲೆ. ನಾನು ಲಂಗ ಉಟ್ಟ ಕಾಲದಿಂದ ಹತ್ತಿದ ಕೋಟೆ. ಆಗಿ ಹುಣ್ಣಿಮೆಯ ರಾತ್ರಿ ನಮ್ಮೂರಿಗೆ ಊರೇ ಎಣ್ಣೆ ಬತ್ತಿ ಹಿಡಿದುಕೊಂಡು ಹತ್ತಿ, ಮೇಲಿನ ಸಿದ್ಧನ ಗುಡಿಯಲ್ಲಿ ದೀಪ ಹಚ್ಚಿ, ಬೆಳಗಾದ ಮೇಲೆ ಇಳಿಯುತ್ತಿತ್ತು. ಮದುವೆಯಾಗಿ ದಾಂಡೇಲಿಗೆ ಬಂದ ಮೇಲೆ ಅಪ್ಪ ಅವ್ವ ಇಬ್ಬರೂ ತೀರಿಕೊಂಡರು. ಅಣ್ಣ ಮನೆಗೆ ಕೀಲಿ ಜಡಿದು ಗೋವಾದ ಗಣಿಗೆ ಹೋದ. ಉಳಿದವರು ದೊಡ್ಡವ್ವ ತಾಯವ್ವ, ದೊಡ್ಡಪ್ಪ ಇಬ್ಬರೇ. ಅವಳಿಗೆ ಕಣ್ಣು ಮಂಜು, ದೊಡ್ಡಪ್ಪ ಎತ್ತು ಬಿಟ್ಟು ಎಲ್ಲಿಗೂ ಅಲ್ಲಾಡುವವನಲ್ಲ. ಬಸ್ಸು ಹತ್ತಿ ಬಂದು ನನ್ನನ್ನು ಕರೆಯುವವರು ಯಾರು? ನಮ್ಮಲ್ಲಿ ಕೊಟ್ಟ ಹೆಣ್ಣು ಕರೆಯದೆ ತವರಿಗೆ ಕಾಲಿಡುವಂತಿಲ್ಲ. ಹಾಗಾಗಿ ನಾನು ನಮ್ಮೂರು ಕಾಣದೆ ಎಷ್ಟೋ ವರ್ಷವಾಗಿತ್ತು.

ಆದರೆ ಕೋಟೆಗೆ ಹೋಗಲು ಯಾರು ಕರೆಯಬೇಕು? ಕೋಟೆ ಯಾರ ಮನೆಯೂ ಅಲ್ಲವಲ್ಲ. ಈ ಯೋಚನೆ ಬಂದ ದಿನ ನನಗೆ ಒಲೆಯ ಮುಂದೆ ನಗು ತಡೆಯಲಾಗಲಿಲ್ಲ, ರೊಟ್ಟಿ ಒಂದು ಕರಕಾಯಿತು.

ನಾನು ಬಾಯಿ ಬಿಟ್ಟು ಕೇಳಲಿಲ್ಲ. ಗಂಡನಾದವನಿಗೆ ಅಷ್ಟು ತಿಳಿಯುವುದಿಲ್ಲವೇ ಎಂದುಕೊಂಡೆ. ಅವರಿಬ್ಬರೂ ನಾನು ಆಗಷ್ಟೇ ಸಾರಿಸಿದ ನೆಲದ ಮೇಲೆ ಇದ್ದಲಿಯಿಂದ ದಾರಿ ಬರೆಯುವರು. ಹಳಿಯಾಳ ಇಲ್ಲಿ, ಮುಂಡಗೋಡ ಇಲ್ಲಿ, ಗುಡ್ಡ ಇಲ್ಲಿ. ಗುಡ್ಡ ಬಂತೆಂದರೆ ಇಬ್ಬರೂ ನನ್ನ ಮುಖ ನೋಡುವರು.

‘ಅಕ್ಕಾರ, ಮ್ಯಾಲ ಕುಡಿಯಾಕ ನೀರ ಸಿಗತಾವೇನ್ರಿ?’

‘ಎರಡನೇ ಬಾಗಿಲದ ಹಿಂದ ಹೊಂಡ ಐತಿ. ಅಗಲ ಪಾವಟಿಗಿ ಹಿಡಿದು ಹೋಗಬ್ಯಾಡ್ರಿ, ಅದು ಕುಸಿದೈತಿ. ಕಾರೀ ಕಂಟಿ ಮಗ್ಗಲಕ ಸಣ್ಣ ಹಾದಿ ಐತಿ, ನೋಡಿದವರಿಗಷ್ಟ ಕಾಣತೈತಿ.’

‘ಹೌದೇನ್ರಿ’ ಎಂದು ಮಲಕಪ್ಪ ಇನ್ನೊಂದು ಗೆರೆ ಎಳೆಯುವನು. ನೋಡಿದವರಿಗಷ್ಟೇ ಕಾಣುತ್ತದೆ ಎಂದೆನಲ್ಲ, ಆಗಲಾದರೂ ಒಬ್ಬರು ತಲೆ ಎತ್ತಿ ನನ್ನನ್ನು ಕೇಳಬಾರದೇ? ಗಂಡಸರ ತಲೆಗೆ ಏನು ತುಂಬಿರುತ್ತದೋ ಆ ಸಿದ್ಧನಿಗೇ ಗೊತ್ತು.

ಶುಕ್ರವಾರ ರೊಟ್ಟಿ ಒಣಗಿಸಿದೆ, ಶೇಂಗಾ ಚಟ್ನಿ ಕುಟ್ಟಿದೆ, ದೀಪಕ್ಕೆಂದು ಒಂದು ಸೀಸೆಯಲ್ಲಿ ಎಣ್ಣೆ ತುಂಬಿದೆ. ಶನಿವಾರ ಮಧ್ಯಾಹ್ನ ಮಲಕಪ್ಪ ಓಡೋಡಿ ಬಂದ. ಅವನ ಬದಲಿ ಪಾಳಿಗೆ ಬರಬೇಕಾದವನು ಬಂದಿರಲಿಲ್ಲ, ಮೇಸ್ತ್ರಿ ಬಿಡಲೊಲ್ಲ.

‘ನೀ ಒಬ್ಬನ ಹೋಗಿ ಬಾರಪಾ’ ಎಂದು ಮುಖ ಸಣ್ಣ ಮಾಡಿಕೊಂಡು ಹೊರಟುಹೋದ.

ಪಾಪ ಅನ್ನಬೇಕಿತ್ತು. ನನಗೆ ಮಾತ್ರ ಎದೆ ಹಗುರಾಯಿತು. ಸೀಟು ಖಾಲಿಯಾಯಿತಲ್ಲ. ಒಳಗೆ ಹೋಗಿ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತೆ. ಇವರು ಗಾಡಿಯ ಸುತ್ತ ಒಂದು ಸುತ್ತು ಬಂದರು. ಹಿಂದಿನ ಸೀಟನ್ನು ಒತ್ತಿ ನೋಡಿದರು. ಬಾಗಿಲಿಗೆ ಬಂದು ನಿಂತರು.

‘ಶಿವವ್ವಾ.’

‘ಏನ್ರಿ?’

‘ಹಿಂದ ವಜ್ಜಿ ಇಲ್ಲಂದ್ರ ಈ ಗಾಡಿ ಕುಣೀತೈತಿ. ಒಂದು ಚೀಲದಾಗ ಜೋಳ ತುಂಬಿ ಕೊಡು.’

ನಾನು ತುಂಬಿ ಕೊಟ್ಟೆ. ಏನು ಮಾಡಲಿ? ಜೋಳ ತುಂಬುವಾಗ ಕಣ್ಣಲ್ಲಿ ನೀರು ಬಂದವು, ಧೂಳು ಎಂದು ಒರೆಸಿಕೊಂಡೆ. ಚೀಲದ ಬಾಯಿ ಹೊಲಿದು, ಅದು ಜಾರದಂತೆ ಹಗ್ಗ ಬಿಗಿಯಲು ನಾನೇ ಕೈ ಹಚ್ಚಿದೆ. ಅವರು ತಿರುಗಿ ನೋಡದೆ ಹೋದರು. ಚೀಲ ಮಾತ್ರ ಅಲುಗಾಡದೆ ಕೂತು ನಮ್ಮೂರ ದಾರಿ ಹಿಡಿಯಿತು.

ರವಿವಾರ ಮಧ್ಯಾಹ್ನವೇ ಬಂದುಬಿಟ್ಟರು. ಮುಖ ನೋಡಿದರೆ ಕೋಟೆ ಹತ್ತಿ ಬಂದವರ ಹಾಗಿರಲಿಲ್ಲ. ಸಿಟ್ಟಿಗೆ ನಾನು ನೀರಿನ ತಂಬಿಗೆಯನ್ನು ಸದ್ದಾಗುವಂತೆ ಇಟ್ಟೆ. ಅವರು ನೀರು ಮುಟ್ಟಲಿಲ್ಲ.

‘ನಿಮ್ಮ ದೊಡ್ಡವ್ವ ಊರ ಅಗಸಿ ಬಾಗಲಾಗ ನಿಂತಿದ್ಲು’ ಎಂದರು.

ನಾನು ತಿರುಗಿದೆ.

‘ಗಾಡಿ ಸಪ್ಪಳ ದೂರದಿಂದ ಕೇಳಿದವರು ಯಾರೋ, ಶಿವವ್ವನ ಗಂಡ ಬರಾಕತ್ಯಾನ ಅಂತ ಹೇಳ್ಯಾರ. ಆಕಿ ಒಂದು ಚರಗಿ ನೀರು, ರೊಟ್ಟಿ ತುಣುಕು ಹಿಡಕೊಂಡು ಓಡಿ ಬಂದ್ಲು. ನಾ ಗಾಡಿ ನಿಲ್ಲಸೂದ ತಡಾ, ಹಿಂದ ಕುಂತದ್ದು ನೀನ ಅಂತ ತಿಳದು ಚೀಲಕ್ಕ ನೀರು ನಿವಾಳಿಸಿದ್ಲು. ಬಂದೇನವಾ ನನ ಮಗಳ ಅಂತ ಕೈ ಹಾಕಿ ತಡವಿದ್ಲು. ಚೀಲ ಅಂತ ಗೊತ್ತಾಗಿ ಕೈ ಹಿಂದಕ್ಕ ತಗೊಂಡ್ಲು.’

ನಾನು ಹೊಸ್ತಿಲಿನಲ್ಲೇ ಕೂತೆ.

‘ಕ್ವಾಟಿ?’

‘ಹತ್ತಾಕ ಮನಸ್ಸ ಬರಲಿಲ್ಲ. ಊರು ಹತ್ತಿತು, ನಾ ಆಕಿ ಕಟ್ಟಿ ಮ್ಯಾಲ ಕುಂತೆ. ಕರಕೊಂಡು ಯಾಕ ಬರಲಿಲ್ಲಪಾ ಅಂತ ಕೇಳಿದ್ಲು. ಕರೀದ ಹೆಂಗ ತರಲಿ ಬೇ ಅಂದೆ. ನಾಲ್ಕು ಮಂದಿ ನಿನಗ ಏನರ ಅಂದಾರು ಅಂತ ನಾ ಕೇಳಲಿಲ್ಲ ಶಿವವ್ವಾ. ನಿನ್ನ ಮಾನಕ್ಕ ಅಂಜಿದೆ.’

‘ನಾ ತವರಿಗೆ ಹೊಂಟಿದ್ದಿಲ್ಲರಿ. ಕ್ವಾಟಿಗೆ ಹೊಂಟಿದ್ದೆ.’

‘ಹಂಗಂತ ಒಂದ ಮಾತು ಅನ್ನಬೇಕಿತ್ತಲ್ಲ.’

‘ನೀವು ಒಂದ ಮಾತು ಕೇಳಬೇಕಿತ್ತಲ್ಲ.’

ಅದಕ್ಕಿಂತ ಮುಂದೆ ಜಗಳ ಬೆಳೆಯಲಿಲ್ಲ. ಬೆಳೆದಿದ್ದರೆ ಚೆನ್ನಾಗಿತ್ತು. ಅವರು ಗಾಡಿಯ ಹತ್ತಿರ ಹೋಗಿ ಹಿಂದಿನ ಸೀಟಿನಿಂದ ಒಂದು ಗಂಟು ಬಿಚ್ಚಿದರು. ಜೋಳದ ಚೀಲ ದೊಡ್ಡವ್ವನ ಮನೆಯಲ್ಲೇ ಉಳಿದಿತ್ತು, ಮಗಳು ಕಳಿಸಿದ್ದು ಎಂದು ಅವಳು ಒಳಗೆ ಇಡಿಸಿಕೊಂಡಳಂತೆ. ಗಂಟಿನಲ್ಲಿ ಖಣ, ತೆಂಗಿನಕಾಯಿ, ಅಕ್ಕಿ, ಅರಿಷಿಣದ ಕೊಂಬು, ಐದು ಉತ್ತತ್ತಿ. ಉಡಿಯ ಸಾಮಾನು. ತವರಿನಿಂದ ಹೊರಡುವ ಮಗಳಿಗೆ ತುಂಬುವ ಉಡಿಯನ್ನು ದೊಡ್ಡವ್ವ ಖಾಲಿ ಸೀಟಿಗೆ ಕಟ್ಟಿ ಕಳಿಸಿದ್ದಳು.

ಅದನ್ನು ಕೈಯಲ್ಲಿ ಹಿಡಿದು ಇವರು ಅಂಗಳದಲ್ಲಿ ನಿಂತೇ ಇದ್ದರು. ಗಂಡಸು ಉಡಿ ತುಂಬುವಂತಿಲ್ಲ. ನಾನು ಸೆರಗು ಒಡ್ಡಿದೆ, ಅವರು ತಲೆ ತಗ್ಗಿಸಿ ಗಂಟನ್ನು ಹಾಗೆಯೇ ಇಟ್ಟರು.

‘ಕಾರಹುಣ್ಣಿಮಿಗೆ ಕರಕೊಂಡು ಬಾ ಅಂದಾಳ’ ಎಂದರು. ‘ಈಗ ಕರಿಯಾಕ ಕಳಿಸಿದಂಗ ಆತಲ್ಲ. ಹೋಗೂಣು.’

‘ಹೂಂ’ ಅಂದೆ.

ಮತ್ತೆ ಮಲಕಪ್ಪ ಬಂದ, ಮತ್ತೆ ಇದ್ದಲಿ, ಮತ್ತೆ ನೆಲದ ಮೇಲೆ ಗೆರೆ. ಈ ಸಲ ನಾನೂ ಪಕ್ಕದಲ್ಲಿ ಕೂತು ಬರೆದೆ. ಮಲಕಪ್ಪ ತಾನಾಗಿಯೇ, ‘ನಾ ಬಸ್ಸಿಗೆ ಬರತೇನ್ರಿ ಅಕ್ಕಾರ, ಸೀಟು ನಿಮ್ಮದು’ ಎಂದ. ಆದರೆ ಆ ವರ್ಷ ಕಾರಹುಣ್ಣಿಮೆಗೆ ಮೊದಲೇ ಮಳೆ ಹಿಡಿಯಿತು, ಹಳ್ಳ ತುಂಬಿದವು. ಪಂಚಮಿಗೆ ಹೋದರಾಯಿತು ಎಂದರು. ಹಬ್ಬ ಹೆಣ್ಣುಮಕ್ಕಳದು, ಇನ್ನೂ ಒಳ್ಳೆಯದಾಯಿತು ಎಂದುಕೊಂಡೆ.

ಪಂಚಮಿಯ ಉಂಡಿ ಕಟ್ಟಲು ಎಳ್ಳು ಹುರಿಯುತ್ತಿದ್ದಾಗ ಮುಂಡಗೋಡದ ವ್ಯಾಪಾರಿಯೊಬ್ಬ ಸುದ್ದಿ ತಂದ. ದೊಡ್ಡವ್ವ ಹೋಗಿಬಿಟ್ಟಿದ್ದಳು.

ಇವರು ಅವತ್ತು ಒಂದು ಕ್ಷಣವೂ ಯೋಚಿಸಲಿಲ್ಲ. ಗಾಡಿ ಹೊರಗೆ ತಂದು, ‘ಹತ್ತು ಶಿವವ್ವಾ’ ಎಂದರು. ಸಾವಿನ ಮನೆಗೆ ಯಾರೂ ಕರೆಯಬೇಕಾಗಿಲ್ಲ. ಆ ಸೀಟಿನ ಮೇಲೆ ನಾನು ಮೊದಲ ಸಲ ಕೂತದ್ದು ಹಾಗೆ. ದಾರಿಯುದ್ದಕ್ಕೂ ಕೆಸರು, ಗಾಡಿ ಒಮ್ಮೆಯೂ ಕುಣಿಯಲಿಲ್ಲ. ಅತ್ತಿವೇರಿ ದಾಟಿದ ಮೇಲೆ ಮೋಡದ ಸಂದಿಯಲ್ಲಿ ಕೋಟೆ ಕಂಡಿತು. ಇವರು ಅಲ್ಲಿ ಸ್ವಲ್ಪ ನಿಧಾನ ಮಾಡಿದರು. ‘ಬ್ಯಾಡ, ನಡೀರಿ’ ಎಂದೆ.

ಊರ ಅಗಸಿಯಲ್ಲಿ ನೀರು ಹಿಡಿದುಕೊಂಡು ಯಾರೂ ನಿಂತಿರಲಿಲ್ಲ.