ಅಂಬ್ರಿಜ್

ಬಟ್ಟೆ ಗಿರಣಿಯ ಮಾಲೀಕರಿಗೆ ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಬಾರದು. ಕಾರ್ಮಿಕರ ಮುಖಂಡನಿಗೆ ಇಂಗ್ಲಿಷಿನ ಗಂಧವೇ ಇಲ್ಲ. ನಡುವೆ ಕೂತವಳು ಮುಖಂಡನ ತಂಗಿ, ಗಿರಣಿಯ ಆಫೀಸಿನಲ್ಲಿ ಪತ್ರ ಬರೆಯುವವಳು. ಇಬ್ಬರ ಮಾತನ್ನೂ ಒಂದಿಷ್ಟೂ ಮುಕ್ಕಾಗದಂತೆ ದಾಟಿಸುತ್ತೇನೆಂದು ಒಪ್ಪಿಕೊಂಡು ಬಂದಿದ್ದಳು.

ರೋಲರಿಗೆ ಸಿಕ್ಕಿ ಒಬ್ಬ ಹೆಂಗಸಿನ ಎರಡು ಬೆರಳು ಹೋಗಿದ್ದವು. ಕೈಗೆ ಪಟ್ಟಿ ಕಟ್ಟಿಕೊಂಡು ಅವಳೂ ಗೋಡೆಗೊರಗಿ ಕೂತಿದ್ದಳು.

"ಕೈ ಸಿಗದ ಹಾಗೆ ರೋಲರಿಗೆ ಹಾಕಿದ್ದ ಜಾಲರಿ ತೆಗೆಸಿದ್ದು ಇವರೇ. ಈಗ ಗೊತ್ತಿಲ್ಲ ಅಂತ ಸುಳ್ಳು ಹೇಳ್ತಿದಾರೆ ಅನ್ನು," ಅಂದ ಅಣ್ಣ.

ತಂಗಿ ಅದನ್ನು ಹಾಗೇ ಇಂಗ್ಲಿಷಿನಲ್ಲಿ ಅಂದಳು. ಮಾಲೀಕರು ಧಡಕ್ಕನೆ ಎದ್ದರು. "ಐ ಟೇಕ್ ಅಂಬ್ರಿಜ್ ಅಟ್ ದಟ್!"

ಆ ಪದವನ್ನು ಅವಳು ಹುಟ್ಟಿದ ಮೇಲೆ ಕೇಳಿರಲಿಲ್ಲ. ಎಲ್ಲರ ಕಣ್ಣೂ ಅವಳ ಮೇಲೆ. ತಲೆಯಲ್ಲಿ ಅಂಬ್ರೆಲ್ಲಾ ಬಿಚ್ಚಿಕೊಂಡಿತು: ಕೊಡೆ, ನೆರಳು, ಆಸರೆ. "ಅದರ ಹೊಣೆ ನಂದು, ನಿಮಗೆ ಆಸರೆಯಾಗಿರ್ತೀನಿ ಅಂತಿದಾರೆ," ಅಂದುಬಿಟ್ಟಳು.

ಅಣ್ಣನ ಹಿಂದೆ ಕೂತಿದ್ದ ಕಾರ್ಮಿಕರು ಚಪ್ಪಾಳೆ ತಟ್ಟಿದರು. ತಮ್ಮನ್ನು ಗೇಲಿ ಮಾಡಿದಂತೆ ಕಂಡು ಮಾಲೀಕರ ಮುಖ ಕೆಂಡವಾಯಿತು. ಕಾಗದಗಳನ್ನು ಬಾಚಿಕೊಂಡು ಬಾಗಿಲ ಕಡೆ ನಡೆದರು.

ಅವಳು ಓಡಿಹೋಗಿ ಅಡ್ಡ ನಿಂತು, ಆ ಪದದ ಅರ್ಥ ತನಗೆ ಗೊತ್ತಿಲ್ಲವೆಂದೂ ಈ ಚಪ್ಪಾಳೆಗೆ ತಾನೇ ಕಾರಣವೆಂದೂ ಇಂಗ್ಲಿಷಿನಲ್ಲಿ ತಡವರಿಸುತ್ತ ಹೇಳಿದಳು. ಮಾಲೀಕರು ಅವಳನ್ನೇ ದಿಟ್ಟಿಸಿ, ಆ ಪದದ ಅರ್ಥವನ್ನು ಒಂದೊಂದೇ ಮಾತಾಗಿ ಬಿಡಿಸಿ ಹೇಳಿದರು.

"ತಪ್ಪು ನಂದು, ಅಣ್ಣ," ಎಂದು ಅವಳು ಈ ಕಡೆ ತಿರುಗಿದಳು. "ಗೊತ್ತಿಲ್ಲ ಅನ್ನೋಕೆ ನಾಚಿಕೆಯಾಯ್ತು. ಅವರು ಏನನ್ನೂ ಒಪ್ಕೊಂಡಿಲ್ಲ. ಮರ್ಯಾದೆಗೆ ಪೆಟ್ಟು ಬಿದ್ದಾಗ ಮನಸ್ಸಿಗೆ ಹಚ್ಕೊಂಡು ಸಿಟ್ಟಾಗ್ತೀವಲ್ಲ, ಅದಕ್ಕೆ ಅಂಬ್ರಿಜ್ ತಗೊಳ್ಳೋದು ಅಂತಾರೆ. ಸುಳ್ಳುಗಾರ ಅಂದಿದ್ದಕ್ಕೆ."

"ಯಾರ ಕಡೆಯವಳೇ ನೀನು?" ಅಣ್ಣ ಹಲ್ಲು ಕಡಿದ.

ಗೋಡೆಗೊರಗಿ ಕೂತಿದ್ದ ಹೆಂಗಸು ಆಗ ಬಾಯಿ ತೆರೆದಳು. "ನನ್ನ ಬೆರಳು ಹೋಗಿದ್ದು ನನ್ನದೇ ಅಜಾಗರೂಕತೆಯಿಂದ ಅಂತ ಇವರು ಚೀಟಿ ಬರೆದು ಹೊರಗಿನ ಬೋರ್ಡಿಗೆ ಅಂಟಿಸಿದಾರೆ. ನಾನೂ ಆ ಅಂಬ್ರಿಜ್ಜನ್ನೇ ತಗೊಂಡಿದೀನಿ ಅಂತ ಹೇಳಮ್ಮ."

"ಶೀ ಟೇಕ್ಸ್ ಅಂಬ್ರಿಜ್ ಟೂ, ಸರ್," ಅಂದಳು ತಂಗಿ, ಬೋರ್ಡಿನ ವಿಷಯವನ್ನೂ ಸೇರಿಸಿ.

ಮಾಲೀಕರು ಆ ಪಟ್ಟಿ ಕಟ್ಟಿದ ಕೈಯನ್ನು ನೋಡಿದರು. ಹೊರಗೆ ಹೋಗಿ, ಬೋರ್ಡಿನ ಚೀಟಿಯನ್ನು ಕಿತ್ತು ತಂದು ಮೇಜಿನ ಮೇಲಿಟ್ಟು, ಮತ್ತೆ ಕುರ್ಚಿಯಲ್ಲಿ ಕೂತರು.

ಜಾಲರಿ ಹಾಕಿಸಲು ಇನ್ನೂ ನಾಲ್ಕು ಸಲ ಕೂತು ಜಗಳವಾಡಬೇಕಾಯಿತು. ಅಣ್ಣ ಎರಡು ದಿನ ತಂಗಿಯ ಜೊತೆ ಮಾತು ಬಿಟ್ಟ. ಮೂರನೇ ದಿನ ಊಟಕ್ಕೆ ಕೂತಾಗ, ತಟ್ಟೆಯಿಂದ ತಲೆ ಎತ್ತದೆ, "ಇನ್ನು ಮುಂದೆ ಗೊತ್ತಿಲ್ದಿದ್ರೆ ಬಾಯಿಬಿಟ್ಟು ಕೇಳು," ಅಂದ.

"ಹೂಂ," ಅಂದಳು ಅವಳು.