ಕರಿ ಅನ್ನ

"ಒಂದೂರಾಗ ಒಬ್ಬ ಕಬ್ಬಿಣದ ರಾಕ್ಷಸ ಇದ್ದ. ಅವನ್ನ ಪಳಗಿಸಿದವರಿಗೆ ಅರ್ಧಾ ರಾಜ್ಯ ಅಂತ ರಾಜಾ ಡಂಗುರಾ ಹೊಡಿಸಿದ" ಎಂದು ಅಜ್ಜಿ ಕತೆ ಎತ್ತುತ್ತಿದ್ದಳು. ರಾಜ್ಯ ಸಿಕ್ಕಿತೇ ಎಂದು ಕೇಳುವುದರೊಳಗೆ ನನಗೆ ನಿದ್ದೆ ಹತ್ತುತ್ತಿತ್ತು.

ನಮ್ಮೂರು ಘೋಣಸಗಿಗೆ ಆ ರಾಕ್ಷಸ ಟಂಟಂ ಗಾಡಿಯಲ್ಲಿ ಬಂದ. ಬೀಡುಕಬ್ಬಿಣದ ಹೊಸ ಕೊಪ್ಪರಿಗೆ. ಇಳಿಸಲು ಗಂಡಾಳುಗಳೇ ಏದುಸಿರು ಬಿಟ್ಟರು. ಸಾವಕಾರ ತನ್ನ ದ್ರಾಕ್ಷಿ ತೋಟದಲ್ಲಿ ವಿಜಯಪುರದ ಮಂದಿಗೆ ಕ್ಯಾಂಪ್ ನಡೆಸುವವನಿದ್ದ. ಡೇರೆಯಲ್ಲಿ ನಿದ್ದೆ, ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ ಹಳ್ಳಿ ಊಟ.

"ಪರಸೀ, ಇದನ್ನ ಪಳಗಿಸಿ ಕೊಡು. ಕ್ಯಾಂಪಿನ ಅಡಗಿ ನಿಂದ" ಎಂದ ಅವ್ವನಿಗೆ.

ಹೊಸ ಬೀಡುಕಬ್ಬಿಣದಲ್ಲಿ ಬೇಯಿಸಿದ್ದೆಲ್ಲ ಮೊದಮೊದಲು ಕಪ್ಪಾಗುತ್ತದೆ. ಅವ್ವ ದಿನಾ ಎಣ್ಣೆ ಸವರಿ ಸುಟ್ಟಳು, ಉಳ್ಳಾಗಡ್ಡಿ ಸಿಪ್ಪೆ ಹುರಿದಳು, ಅನ್ನಕ್ಕಿಟ್ಟಳು. ತುಕ್ಕು ನಾರುವ ಆ ಅನ್ನ ನಮ್ಮ ಹೊಟ್ಟೆಗೇ.

"ಉಣ್ಣ ಸಂಘಮಿತ್ರಾ. ಬೆಳ್ಳಗ ಬಂದ ದಿನ ನನ್ನ ಕೈ ಅನ್ನ ನಾಕ ಮಂದಿ ಉಣ್ತಾರ."

ಕಡೆಗೊಂದು ದಿನ ಅನ್ನ ಹತ್ತಿಯಂತೆ ಬಂತು. ಕೊಪ್ಪರಿಗೆಯ ಒಳಮೈ ನೆನೆದ ಎಮ್ಮೆಯ ಬೆನ್ನಿನಂತೆ ಮಿರುಗಿತು.

ಕ್ಯಾಂಪಿನ ದಿನ ಅವ್ವ ಇಳಕಲ್ ಸೀರೆ ಉಟ್ಟು ಬಂದಳು. ಒಲೆಯ ಮುಂದೆ ಟಿಕೋಟಾದ ಅಡುಗೆಯವನು ಕೂತಿದ್ದ.

"ಅಡಗಿ ನನಗಂದಿದ್ರೆಲ್ರೀ ಯಪ್ಪಾ?" ಎಂದು ಸಾವಕಾರನನ್ನು ಕೇಳಿದಳು.

"ಲೇ ಬೋಸಡಿ, ಖಾಲಿ ಪಾತ್ರಿ ಮುಟ್ಟಂದ್ರ ಅನ್ನಾ ಮುಟ್ಟಾಕ ಬಂದೀ? ಅಡಗಿ ಮಾಡಿದಾಕಿ ಯಾರಂತ ಮಂದಿ ಕೇಳಿದ್ರ ಹೊಲಗೇರ್ಯಾಕಿ ಅನ್ಲೇನ?"

ಅಡುಗೆಯವನು ಕೈ ಹಿಂದೆಗೆದ. "ಈಕಿ ಇದರಾಗ ಅನ್ನಾ ಬೇಯಿಸ್ಯಾಳಂದ್ರ ನಾ ಮುಟ್ಟಂಗಿಲ್ರಿ."

"ಕೇಳಿದ್ಯಾ? ನಿನ್ನ ಕೈ ಹತ್ತಿದ್ದೆಲ್ಲಾ ಹೋಗೂಹಂಗ ತಿಕ್ಕು."

"ತಿಕ್ಕಿದ್ರ ಪಳಗಿಸಿದ್ದೂ ಹೋಗ್ತೈತ್ರಿ. ಅನ್ನ ಕರ‍್ರಗಾಕ್ಕೈತಿ."

"ಮೈಲಿಗಿ ಹೋದ್ರ ಸಾಕು. ತಿಕ್ಕಲೇ!"

"ಬ್ಯಾಡಬೇ ಯವ್ವಾ" ಎಂದೆ. ಅವ್ವ ಆಗಲೇ ಸೆರಗು ಸಿಕ್ಕಿಸಿದ್ದಳು. ಹುಣಸೆಹಣ್ಣು, ಉಸುಕು, ಇಟ್ಟಂಗಿ ಪುಡಿ. ಕೊಪ್ಪರಿಗೆಯೊಳಗೆ ಅರ್ಧ ಮೈ ಇಳಿಸಿ ತಿಕ್ಕಿದಳು. ಎಣ್ಣೆಯ ಚರ್ಮ ಸುಲಿದು ಕರಿನೀರಾಗಿ ಇಳಕಲ್ ಸೀರೆಗೆ ಹರಿಯಿತು. ಉಗುರಿನ ಸಂದಿಯಲ್ಲಿ ರಕ್ತ ಜಿನುಗಿತು. ಬೋಳು ಕಬ್ಬಿಣ ಬೂದಿ ಬಣ್ಣಕ್ಕೆ ತಿರುಗುವ ತನಕ ತಲೆ ಎತ್ತಲಿಲ್ಲ.

"ಆತ್ರೀ ಯಪ್ಪಾ. ನನ್ನ ಕೈ ಒಂದು ಎಳ್ಳಿನಷ್ಟೂ ಉಳದಿಲ್ಲ, ನೋಡ್ಕೋರಿ."

ನಾವು ತೋಟದ ಗೇಟು ದಾಟುವಾಗ ಹಿಂದೆ ಅನ್ನ ಕುದಿಯುವ ವಾಸನೆ ಬಂತು, ತುಕ್ಕಿನದು. ಮಂದಿಯ ಗಂಗಾಳದಲ್ಲಿ ಕರಿ ಅನ್ನ ಬೀಳುವುದನ್ನು ನೆನೆದು ನನಗೆ ನಗು ಉಕ್ಕಿತು. ಅವ್ವ ನಗಲಿಲ್ಲ.

"ಅವರೆಲ್ಲಿ ಉಣ್ತಾರ ಅದನ್ನ? ಸಂಜಿಕ ನಮ್ಮನೀಗೇ ಕಳಸ್ತಾರ. ಹೋಗಿ ಬುಟ್ಟಿ ತೊಳದಿಡು."