ಇಬ್ಬರ ಗರಗಸ

ಹಲ್ಲಪ್ಪ ತನ್ನ ಐವತ್ತಾರು ವರ್ಷಗಳಲ್ಲಿ ಮರವಿರಲಿ, ಬೇಲಿಯ ಟೊಂಗೆಯೊಂದನ್ನೂ ಕಡಿದವನಲ್ಲ. ಆದರೂ ಅವನ ಮನೆಯ ಹಿಂದಿನ ಶೆಡ್ಡಿನಲ್ಲಿ ಮರ ಕೊಯ್ಯುವ ಹಳೆಯ ಯಂತ್ರಗರಗಸಗಳು ಹದಿನೇಳು ಇದ್ದವು. ಮೈಗೆಲ್ಲ ಎಣ್ಣೆ ಸವರಿಸಿಕೊಂಡು, ಫೋಟೊ ತೆಗೆಸಿಕೊಳ್ಳಲು ಬಂದ ನೆಂಟರ ಹಾಗೆ ಗೋಡೆಯುದ್ದಕ್ಕೂ ಸಾಲಾಗಿ ಕೂತಿದ್ದವು.

ಊರಿನವರು ಅವನಿಗೆ ಆ ಹೆಸರಿಟ್ಟದ್ದು ಗರಗಸದ ಹಲ್ಲಿನಿಂದಲ್ಲ. ಅವನ ಕಸುಬೇ ಹಲ್ಲಿನ ಸೆಟ್ ಮಾಡುವುದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಮುಂದಿನ ಕೋಣೆಯಲ್ಲಿ ಮೇಣ, ಪ್ಲಾಸ್ಟರುಗಳ ನಡುವೆ ಕೂತು ಗುಲಾಬಿ ಒಸಡಿಗೆ ಒಂದೊಂದೇ ಹಲ್ಲು ಜೋಡಿಸುತ್ತಿದ್ದ. ಸಂಜೆ ಐದಾಯಿತೆಂದರೆ ಏಪ್ರನ್ ಬದಲಿಸಿ ಶೆಡ್ಡಿಗೆ ಓಟ.

"ಮನುಷ್ಯರ ಬಾಯಲ್ಲಿ ಮೂವತ್ತೆರಡೇ ಹಲ್ಲು ನೋಡಿ, ಇವರಿಗೆ ಅಷ್ಟು ಸಾಲೋದಿಲ್ಲ" ಎಂದು ಅವನ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು. ಆಕೆ ಡ್ರೈವಿಂಗ್ ಸ್ಕೂಲಿನ ಟೀಚರು. ಇಪ್ಪತ್ತೆರಡು ವರ್ಷ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಬದುಕಿ ಬಂದವಳಿಗೆ ಲೋಕದಲ್ಲಿ ಯಾವುದರ ಭಯವೂ ಉಳಿದಿರಲಿಲ್ಲ, ಗಂಡನ ಜಂಭದ್ದಂತೂ ಮೊದಲೇ ಇಲ್ಲ.

ಹದಿನೇಳರಲ್ಲಿ ದೊಡ್ಡದು ನಡುವಿನ ಮೇಜಿನ ಮೇಲೆ ಮಲಗಿತ್ತು. ಅದು ಇಬ್ಬರು ಹಿಡಿಯುವ ಗರಗಸ. ಒಂದು ತುದಿಯಲ್ಲಿ ಎಂಜಿನ್ನು, ಅದನ್ನು ಹಿಡಿಯಲು ಒಬ್ಬ. ನಡುವೆ ನಾಲ್ಕೂವರೆ ಅಡಿಯ ಉಕ್ಕಿನ ಪಟ್ಟಿ, ಅದರ ಸುತ್ತ ಓಡುವ ಚೈನು. ಇನ್ನೊಂದು ತುದಿಗೆ ಬಳೆಯಂಥ ಹಿಡಿಕೆ, ಅದನ್ನು ಹಿಡಿಯಲು ಇನ್ನೊಬ್ಬ. ಎಪ್ಪತ್ತು ವರ್ಷ ಹಳೆಯ ಆ ಎಂಜಿನ್ನಿಗೆ ಹಲ್ಲಪ್ಪ ಜೀವ ತುಂಬಿದ್ದ. ಟ್ಯಾಂಕಿನೊಳಗೆ ಸಣ್ಣ ಕಲ್ಲು ಹಾಕಿ ಕುಲುಕಿ ಕುಲುಕಿ ತುಕ್ಕು ಬಿಡಿಸಿದ್ದ. ಕಾರ್ಬುರೇಟರಿನ ತೂತುಗಳನ್ನು ಹಲ್ಲಿನ ಸೂಜಿಗಳಿಂದಲೇ ಶುಚಿ ಮಾಡಿದ್ದ. ಹಗ್ಗ ಎಳೆದರೆ ಅದು ಗುಡುಗುತ್ತಿತ್ತು, ಪಕ್ಕದ ಮನೆಯ ಪಾತ್ರೆಗಳು ನಡುಗುತ್ತಿದ್ದವು. ಆದರೆ ಆ ಇನ್ನೊಂದು ತುದಿಯ ಹಿಡಿಕೆ ಮಾತ್ರ ಇರಲಿಲ್ಲ. ಒಬ್ಬರೇ ಹಿಡಿಯುವ ಗರಗಸ ಬಂದ ಮೇಲೆ ಇವನ್ನು ಮೂಲೆಗೆ ಹಾಕಿದವರು ಹಿಡಿಕೆಗಳನ್ನು ಎಲ್ಲೆಲ್ಲೋ ಕಳೆದಿದ್ದರು.

ಹಿಡಿಕೆಗಾಗಿ ಹಲ್ಲಪ್ಪ ಹನ್ನೊಂದು ವರ್ಷ ಹುಡುಕಿದ. ಕಂಡ ಕಂಡ ಸಂಗ್ರಾಹಕರಿಗೆಲ್ಲ ಪತ್ರ ಬರೆದ. ಒಮ್ಮೆ ದೂರದಿಂದ ಪಾರ್ಸೆಲ್ ಬಂತು. ಆತುರಾತುರವಾಗಿ ಬಿಚ್ಚಿದರೆ ಹುಲ್ಲು ಕತ್ತರಿಸುವ ಯಂತ್ರದ ಹಿಡಿಕೆ. ಲೇತಿನವನು "ಅಳತೆ ಕೊಡಿ ಸಾರ್, ಎರಡು ದಿನದಲ್ಲಿ ಹೊಸದು ಮಾಡ್ಕೊಡ್ತೀನಿ" ಎಂದಾಗ ಹಲ್ಲಪ್ಪ ಕಿವಿ ಮುಚ್ಚಿಕೊಂಡ.

"ಡೂಪ್ಲಿಕೇಟಾ? ನನ್ನ ಶೆಡ್ಡಲ್ಲಾ?"

"ಬೆಳಗಿಂದ ಸಂಜೆವರೆಗೂ ಡೂಪ್ಲಿಕೇಟ್ ಹಲ್ಲು ಮಾಡೋರು ಹೇಳೋ ಮಾತು ಕೇಳಿ" ಎಂದಳು ಹೆಂಡತಿ.

ಹೀಗಿರುವಾಗ ಒಂದು ಬೆಳಿಗ್ಗೆ ಅಜ್ಜಿಯೊಬ್ಬಳು ಕರವಸ್ತ್ರದ ಗಂಟು ಹಿಡಿದು ಬಂದಳು. ಎಂಬತ್ತರ ಆಚೀಚಿನ ವಯಸ್ಸು, ಗಿಡ್ಡ ಮೈಕಟ್ಟು, ಅಗಲವಾದ ಅಂಗೈ. ಗಂಟು ಬಿಚ್ಚಿದರೆ ಹಲ್ಲಿನ ಸೆಟ್, ಕೆಳಗಿನದು ಎರಡು ಹೋಳು. ಗಟ್ಟಿ ಕಾಯೊಂದನ್ನು ಕಚ್ಚಿ ಒಡೆಯಲು ಹೋಗಿದ್ದಳಂತೆ. ಅದನ್ನು ಮಾತಿಗಿಂತ ಹೆಚ್ಚಾಗಿ ಕೈಸನ್ನೆಯಲ್ಲೇ ಹೇಳಿದಳು. ಹಲ್ಲಪ್ಪ ಹೋಳುಗಳನ್ನು ಮೇಣದಿಂದ ಕೂಡಿಸುವಷ್ಟರಲ್ಲಿ, ತೆರೆದ ಬಾಗಿಲಿನಿಂದ ಆಕೆಯ ಕಣ್ಣು ಶೆಡ್ಡಿನ ಮೇಜಿನ ಮೇಲೆ ಬಿತ್ತು. ಎದ್ದು ಹೋಗಿ ಉಕ್ಕಿನ ಪಟ್ಟಿಯ ಬೋಳು ತುದಿಯನ್ನು ತಟ್ಟಿದಳು.

"ಇಫರ ಇಡಿಕೆ ಬಫ್ಫಲಲ್ಲಿಫೆ!"

"ಏನಂದ್ರಿ ಅಮ್ಮಾ? ಹಿಡಿಕೆ ಅಂದ್ರಾ?"

"ಬಫ್ಫಲಲ್ಲಿ! ಬಫ್ಫಲಲ್ಲಿ!"

ಹಲ್ಲಪ್ಪ ಕೈಯಲ್ಲಿದ್ದ ಮೇಣವನ್ನು ಕೆಳಗಿಟ್ಟ. ಬಫ್ಫಲು! ಯಾವುದೋ ಊರಿರಬೇಕು. ಹಲ್ಲಿಲ್ಲದ ಬಾಯನ್ನು ಎಷ್ಟು ಕೇಳಿದರೂ ಅದೇ ಉತ್ತರ, ಪ್ರತಿ ಸಲವೂ ಸ್ವಲ್ಪ ಹೆಚ್ಚು ಸಿಟ್ಟಿನಲ್ಲಿ. ಮುರಿದ ಸೆಟ್ಟಿನ ಬಿರುಕಿಗೆ ತುಂಬಿದ ಗುಲಾಬಿ ರಾಳ ಗಟ್ಟಿಯಾಗಲು ಬಿಸಿನೀರಿನ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತು ಅವನು ಮುಳ್ಳಿನ ಮೇಲೆ ನಿಂತವನ ಹಾಗೆ ಒದ್ದಾಡಿದ. ಒಮ್ಮೆ ಪಾತ್ರೆ ನೋಡಿದ, ಒಮ್ಮೆ ಗಡಿಯಾರ ನೋಡಿದ. ಕೊನೆಗೆ ಹೆಂಡತಿಯ ಸ್ಕೂಲಿನ ರಸ್ತೆ ನಕ್ಷೆ ತಂದು ಹರಡಿ, ಬಫ್ಫಲು ಎಂಬ ಊರಿಗಾಗಿ ಭೂತಗನ್ನಡಿ ಹಿಡಿದು ಹುಡುಕಿದ. ಅಜ್ಜಿ ಅವನ ಕುರ್ಚಿಯಲ್ಲೇ ಕೂತು, ಇದೇನಪ್ಪ ಇವನ ಅವಸ್ಥೆ ಎಂಬಂತೆ ನೋಡುತ್ತಿದ್ದಳು.

ಕೊನೆಗೆ ಸೆಟ್ ತೊಳೆದು ಕೈಗೆ ಕೊಟ್ಟ. ಅಜ್ಜಿ ಅದನ್ನು ಬಾಯೊಳಗೆ ಕೂರಿಸಿ, ಎರಡು ಸಲ ಕಟಕಟ ಕಡಿದು ನೋಡಿ, ಸ್ಪಷ್ಟವಾಗಿ ನುಡಿದಳು:

"ಬಚ್ಚಲಲ್ಲಿದೆ ಅಂದೆ ಕಣೋ ತಮ್ಮಾ. ನಮ್ಮನೆ ಬಚ್ಚಲಲ್ಲಿ."

ಮರುದಿನವೇ ಹೆಂಡತಿ ವ್ಯಾನು ಹೊರಡಿಸಿದಳು. "ಬಫ್ಫಲಿಗೆ ಎಡಕ್ಕೋ ಬಲಕ್ಕೋ?" ಎಂದು ದಾರಿಯುದ್ದಕ್ಕೂ ಪ್ರತಿ ತಿರುವಿನಲ್ಲಿ ಕೇಳಿದಳು. ಹಲ್ಲಪ್ಪ ರಸ್ತೆ ನಕ್ಷೆಯನ್ನು ಸೀಟಿನ ಕೆಳಗೆ ತಳ್ಳಿದ.

ಅಜ್ಜಿಯ ಮನೆ ಊರಾಚೆ, ಹಳೆಯ ಕಟ್ಟಿಗೆ ಡಿಪೋದ ಹಿಂದೆ. ಬಚ್ಚಲುಮನೆಯ ಗೋಡೆಯಲ್ಲಿ, ಸ್ನಾನದ ಮಣೆಯ ಪಕ್ಕ, ನಾಲ್ಕು ಬೋಲ್ಟು ಬಿಗಿದುಕೊಂಡು ಅದು ನಿಂತಿತ್ತು. ಬಳೆಯಾಕಾರದ ಹಿಡಿಕೆ, ಬುಡದಲ್ಲಿ ಚೈನು ಬಿಗಿಮಾಡುವ ತಿರುಪು, ಎಲ್ಲವೂ ಅಸಲಿ. ಹಲ್ಲಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ.

"ನಮ್ಮ ಯಜಮಾನರು ಎಂಜಿನ್ನು ಹಿಡಿಯೋರು. ಈ ತುದಿ ನಂದು" ಎಂದಳು ಅಜ್ಜಿ. "ಹದಿನಾಲ್ಕು ವರ್ಷ ಇಬ್ಬರೂ ಕಾಡಲ್ಲೇ ದುಡಿದ್ವಿ. ಗರಗಸ ಡಿಪೋದವರದ್ದು, ವಾಪಸು ಕೇಳಿದ್ರು, ಕೊಟ್ವಿ. ಹಿಡಿಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಸ್ನಾನ ಮಾಡಿ ಏಳೋವಾಗ ಹಿಡ್ಕೋತೀನಿ."

ಹಲ್ಲಪ್ಪ ಬೆರಳಿನಿಂದ ಮೆಲ್ಲಗೆ ಸವರಿದ. ಹಿಡಿಯ ಮೇಲೆ ತಾಮ್ರದ ತಂತಿ ಒತ್ತೊತ್ತಾಗಿ ಸುತ್ತಿತ್ತು.

"ಈ ತಂತಿ ಕಂಪನಿಯದ್ದಲ್ಲ" ಎಂದ, ಪರೀಕ್ಷೆಯ ಪೇಪರು ತಿದ್ದುವವನ ದನಿಯಲ್ಲಿ. "ಬಿಚ್ಚಿ, ಪಾಲಿಶ್ ಮಾಡಿದರೆ ಹೊಸದರ ಹಾಗಾಗುತ್ತೆ."

"ಮುಟ್ಟು ನೋಡೋಣ" ಎಂದಳು ಅಜ್ಜಿ. "ಚಳೀಲಿ ಕೈ ಜಾರುತ್ತೆ ಅಂದಿದ್ದಕ್ಕೆ ಅವರು ಸುತ್ತಿಕೊಟ್ಟಿದ್ದು. ಇಡೀ ದಿನ ನನ್ನ ಜೊತೆ ಮಾತಾಡದೆ ಕೂತು ಸುತ್ತಿದ್ರು. ಹಿಂದಿನ ದಿನ ಜಗಳ ಆಗಿತ್ತು."

ಹಲ್ಲಪ್ಪ ಕೈ ಹಿಂದಕ್ಕೆಳೆದುಕೊಂಡ. ಬದಲಿಗೆ ಹೊಳೆಯುವ ಸ್ಟೀಲಿನ ಹಿಡಿಕೆ ಹಾಕಿಸಿಕೊಡುತ್ತೇನೆಂದು ಗೋಗರೆದ. ಅಜ್ಜಿ ಯೋಚಿಸಿದಳು. ಹಿತ್ತಲಲ್ಲಿ ಗಾಳಿಗೆ ಬಿದ್ದ ದೊಡ್ಡ ಮರವೊಂದು ಸೌದೆ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಮಲಗಿತ್ತು.

"ಆ ಮರ ಕೊಯ್ದು ಕೊಡು. ಒಂದು ತುದಿ ನೀನು, ಒಂದು ತುದಿ ನಾನು. ಆಮೇಲೆ ನೋಡೋಣ. ಹದಿನೇಳು ಗರಗಸ ಇಟ್ಕೊಂಡಿರೋನು, ನಿನಗೆ ಇದೆಲ್ಲ ಎಡಗೈ ಕೆಲಸ."

ಹಲ್ಲಪ್ಪ ಕೆಮ್ಮಿದ, ಕಿಟಕಿಯಾಚೆ ನೋಡಿದ. "ನಾನು... ಅಂದ್ರೆ... ಇದುವರೆಗೆ ಕೊಯ್ದಿಲ್ಲ ಅಮ್ಮಾ."

"ಈ ಗರಗಸದಲ್ಲಿ ಕೊಯ್ದಿಲ್ವಾ?"

"ಯಾವುದರಲ್ಲೂ."

ಅಜ್ಜಿ ಅವನ ಹೆಂಡತಿಯ ಮುಖ ನೋಡಿದಳು. ಹೆಂಡತಿ ಬಚ್ಚಲ ಬಾಗಿಲಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಭಾನುವಾರ ಬೆಳಿಗ್ಗೆ ಗರಗಸವನ್ನು ವ್ಯಾನಿನಿಂದ ಇಳಿಸುವಷ್ಟರಲ್ಲೇ ಗಂಡಹೆಂಡಿರಿಬ್ಬರ ಸೊಂಟವೂ ಬಿದ್ದುಹೋಗಿತ್ತು. ಹಿಡಿಕೆ ಬಿಚ್ಚಿ ತಂದು ಪಟ್ಟಿಯ ತುದಿಗೆ ಕೂರಿಸಿದಾಗ ಅದು ಒಂದು ಕೂದಲೆಳೆ ಸಂದೂ ಇಲ್ಲದೆ ಕೂತಿತು. ಹಲ್ಲಪ್ಪನ ಕಣ್ಣು ಒದ್ದೆಯಾಯಿತು. ಕನ್ನಡಕ ತೆಗೆದು ಒರೆಸಿಕೊಂಡ.

"ಅಳೋದು ಆಮೇಲೆ, ಹಗ್ಗ ಎಳಿ" ಎಂದಳು ಅಜ್ಜಿ. ಹೆಂಡತಿ ತಾನು ಹಿಡಿಯುತ್ತೇನೆಂದು ಎಷ್ಟು ಹೇಳಿದರೂ ಬಿಡದೆ ಅಜ್ಜಿ ತನ್ನ ತುದಿಗೆ ಹೋಗಿ ನಿಂತಿದ್ದಳು.

ಎಂಜಿನ್ನು ಗುಡುಗಿತು. ಮೇಜಿನ ಮೇಲೆ ಕಟ್ಟಿಹಾಕಿ ಓಡಿಸುವಾಗ ಸಾಧುಪ್ರಾಣಿಯಂತಿದ್ದದ್ದು ಈಗ ಹಲ್ಲಪ್ಪನ ಕೈಯಲ್ಲಿ ಹೋರಿಯ ಹಾಗೆ ಎಳೆದಾಡುತ್ತಿತ್ತು. ಚೈನು ತೊಗಟೆಗೆ ತಾಗಿದ ಕೂಡಲೇ ಹೆದರಿ ವೇಗದ ಗುಂಡಿಯ ಮೇಲಿನ ಬೆರಳು ಸಡಿಲಿಸಿದ, ಎಂಜಿನ್ನು ನಿಂತುಹೋಯಿತು. ಎರಡನೆಯ ಸಲ ಹೆದರಿ ಗರಗಸವನ್ನೇ ಮರದ ಮೇಲೆ ಒತ್ತಿ ಹಿಡಿದ, ಚೈನು ಮರದೊಳಗೆ ಕಚ್ಚಿಕೊಂಡು ನಿಂತಿತು.

"ಒತ್ತಬೇಡ! ಅದರ ಭಾರಕ್ಕೆ ಅದೇ ಇಳಿಯುತ್ತೆ. ನೀನು ಜೊತೇಲಿ ಹೋದರೆ ಸಾಕು!" ಎಂದು ಅಜ್ಜಿ ಕೂಗಿದಳು. "ನಮ್ಮನೆಯವರಿಗೂ ಇದೇ ಹೇಳಿ ಹೇಳಿ ಸಾಕಾಗಿತ್ತು!"

ಮೂರನೆಯ ಸಲ ಗರಗಸ ಇಳಿಯಿತು. ಬಿಳಿಯ ಹೊಟ್ಟು ಅಜ್ಜಿಯ ಕಾಲ ಮೇಲೆ ಸುರಿಯಿತು, ಹಸಿಮರದ ವಾಸನೆ ಎದ್ದಿತು. ಆ ತುದಿಯಲ್ಲಿ ಅಜ್ಜಿ ಬಳೆಯಂಥ ಹಿಡಿಕೆಯನ್ನು ಎರಡೇ ಬೆರಳಿನ ಬಲದಲ್ಲೆಂಬಂತೆ ಹಿಡಿದಿದ್ದಳು. ಅದು ಅತ್ತ ವಾಲಿದರೆ ಇತ್ತ, ಇತ್ತ ವಾಲಿದರೆ ಅತ್ತ, ಕಂಡೂ ಕಾಣದ ಹಾಗೆ ತಿದ್ದುತ್ತಿದ್ದಳು. ಅಷ್ಟು ವರ್ಷ ಆ ತುದಿಯವರನ್ನು ಸಹಾಯಕರೆಂದೇ ತಿಳಿದಿದ್ದ ಹಲ್ಲಪ್ಪನಿಗೆ, ದಾರಿ ತೋರಿಸುತ್ತಿರುವುದು ಅವರೇ ಎಂದು ಅಂದು ಗೊತ್ತಾಯಿತು. ದಿಮ್ಮಿ ಎರಡಾಗಿ ಧೊಪ್ಪೆಂದು ಬಿದ್ದಾಗ ಅವನು ಹುಡುಗನ ಹಾಗೆ ಕೇಕೆ ಹಾಕಿದ.

ಅಜ್ಜಿ ತಂತಿಯ ಮೇಲಿನ ಹೊಟ್ಟನ್ನು ಅಂಗೈಯಿಂದ ಒರೆಸಿದಳು. ಆಮೇಲೆ "ಹೂಂ, ಸಾಕು ನನಗೆ" ಎಂದು ಹಿಡಿಕೆಯನ್ನು ಅವನ ಹೆಂಡತಿಗೆ ಒಪ್ಪಿಸಿ, ಕಡಿದ ತುಂಡಿನ ಮೇಲೆ ಕೂತು ಇಬ್ಬರನ್ನೂ ಬೈಯುವ ಕೆಲಸ ಹಿಡಿದಳು.

ಮಧ್ಯಾಹ್ನ ಹಲ್ಲಪ್ಪ ಸ್ಟೀಲಿನ ಹಿಡಿಕೆಯನ್ನು ಬಚ್ಚಲಲ್ಲಿ ಬಿಗಿದು ಕರೆದ. ಅಜ್ಜಿ ಮಣೆಯ ಮೇಲೆ ಕೂತು, ಅದನ್ನು ಹಿಡಿದು ಎದ್ದಳು. ಮತ್ತೆ ಕೂತಳು, ಮತ್ತೆ ಎದ್ದಳು.

"ಜಾರುತ್ತೆ."

"ಸ್ವಲ್ಪ ದಿನ ಅಭ್ಯಾಸ ಆದರೆ..."

"ಈ ವಯಸ್ಸಲ್ಲಿ ಜಾರಿ ಅಭ್ಯಾಸ ಮಾಡ್ಕೊಳ್ಳೋದಾ?"

ಹಲ್ಲಪ್ಪ ಹೊರಗೆ ಹೋಗಿ ಗರಗಸದ ಮುಂದೆ ನಿಂತ. ಹನ್ನೊಂದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದದ್ದು ಕೈಯಳತೆಯಲ್ಲಿತ್ತು. ಕೊಟ್ಟಿದ್ದೇನೆ ಅಂತ ಅಜ್ಜಿ ಹೇಳಿಲ್ಲ, ಕೊಡುವುದಿಲ್ಲ ಅಂತಲೂ ಹೇಳಿಲ್ಲ. ಕೇಳಿದರೆ ಬಹುಶಃ ಕೊಟ್ಟೂಬಿಡುತ್ತಿದ್ದಳು. ಅವನು ಕೇಳಲಿಲ್ಲ. ಸ್ಪ್ಯಾನರು ತೆಗೆದು ಹಿಡಿಕೆ ಬಿಚ್ಚಿದ, ಹೊಟ್ಟು ಒರೆಸಿದ, ಒಯ್ದು ಸ್ಟೀಲಿನದನ್ನು ತೆಗೆದು ಹಳೆಯ ಜಾಗದಲ್ಲೇ ಕೂರಿಸಿದ. ಬೋಲ್ಟುಗಳನ್ನು ಮಾತ್ರ ಬದಲಿಸಿದ, ಸ್ಪ್ಯಾನರು ಬೇಡದೆ ಕೈಯಲ್ಲೇ ಬಿಚ್ಚಿ ಬಿಗಿಯಬಹುದಾದ ಕಿವಿಯುಳ್ಳ ನಟ್ಟು ಹಾಕಿದ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಂದು ಮನೆ ಸೇರುವವರೆಗೂ ಆಕೆ ಒಂದೇ ಒಂದು ಕೀಟಲೆ ಮಾಡಲಿಲ್ಲ. ಅದಕ್ಕೇ ಹಲ್ಲಪ್ಪನಿಗೆ ಗಾಬರಿಯಾಯಿತು.

ಈಗ ತಿಂಗಳಿಗೊಂದು ಭಾನುವಾರ ವ್ಯಾನು ಅಜ್ಜಿಯ ಹಿತ್ತಲಿಗೆ ಹೋಗುತ್ತದೆ. ಅಜ್ಜಿಯ ಸ್ನಾನ ಮುಗಿಯುವವರೆಗೆ ಇಬ್ಬರೂ ಹೊರಗೆ ಕಾಯುತ್ತಾರೆ. ಆಮೇಲೆ ಹಿಡಿಕೆ ಬಿಚ್ಚಿ ಗರಗಸಕ್ಕೆ ಹಾಕುತ್ತಾರೆ, ಸಂಜೆ ಮತ್ತೆ ಬಚ್ಚಲ ಗೋಡೆಗೆ ಬಿಗಿಯುತ್ತಾರೆ. ಹಾಗೆ ಹೋದ ಮೂರನೆಯ ಭಾನುವಾರ ಅಜ್ಜಿ ಅವನ ಹೆಂಡತಿಯನ್ನು ಎಂಜಿನ್ನಿನ ಕಡೆ ನಿಲ್ಲಿಸಿ, ಹಿಡಿಕೆ ತಾನೇ ಹಿಡಿದಳು. ಆಕೆ ಕಾಲು ಅಗಲಿಸಿ ನಿಂತು, ಗೇರು ಹಾಕುವಷ್ಟು ನಿರಾಳವಾಗಿ ಬೆರಳು ಒತ್ತಿದಳು. ದಿಮ್ಮಿ ಬೆಣ್ಣೆಯ ಹಾಗೆ ಕೊಯ್ದುಹೋಯಿತು.

"ಇವಳಿಗೆ ಕೈ ಕೂತಿದೆ" ಎಂದಳು ಅಜ್ಜಿ. "ನೀನು ಆ ಕಡೆ ಹೋಗು ತಮ್ಮಾ."

ಹಲ್ಲಪ್ಪ ಆ ಕಡೆಗೆ ಹೋಗಿ ತಂತಿ ಸುತ್ತಿದ ಹಿಡಿಕೆ ಹಿಡಿದ. ಹೊಟ್ಟೆಲ್ಲ ಅವನ ಪ್ಯಾಂಟಿನ ಮೇಲೇ ಸುರಿಯುತ್ತಿತ್ತು.

"ಹಿಡ್ಕೊಂಡ್ರಾ?" ಎಂದು ಹೆಂಡತಿ ಎಂಜಿನ್ನಿನ ಸದ್ದನ್ನೂ ಮೀರಿ ಡ್ರೈವಿಂಗ್ ಸ್ಕೂಲಿನ ದನಿಯಲ್ಲಿ ಕೂಗಿದಳು. "ಕನ್ನಡಿ ನೋಡಿ, ಉಸಿರು ಬಿಡಿ, ನಿಧಾನಕ್ಕೆ ಹೊರಡೋಣ!"